ಮೇಲೇಳದ ಮುಳ್ಳು

ಅತ್ತೆ ಸೋಪು ಹಚ್ಚುತ್ತಿದ್ದರು, ನಾನು ಉಜ್ಜುತ್ತಿದ್ದೆ.

ಗ್ಯಾರೇಜಿನ ಒರೆಸುವ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆಯುವುದು ನಮ್ಮಿಬ್ಬರ ಪಾಲಿನ ಕೆಲಸ. ಹಳೇ ಹೊದಿಕೆಯ ತುಂಡು, ಹರಿದ ಬನಿಯನ್, ತೋಳು ಕಿತ್ತ ಅಂಗಿ, ಎಲ್ಲವೂ ಕೊನೆಗೆ ಇದೇ ಬಕೆಟ್ಟಿಗೆ ಬಂದು ಬೀಳುತ್ತವೆ. ಬಂದಾಗ ಯಾವುದಕ್ಕೂ ಸ್ವಂತ ಬಣ್ಣ ಇರುವುದಿಲ್ಲ. ಎಲ್ಲವೂ ಕಪ್ಪು. ಒಗೆಯುವ ಕಲ್ಲಿನಿಂದ ಇಳಿಯುವ ನೀರೂ ಕಪ್ಪು.

ಆ ದಿನ ಒಂದು ಬಟ್ಟೆ ಮಾತ್ರ ಹಸಿರಾಗಿತ್ತು.

ಹಿಂಡಿ ನೋಡಿದೆ. ಬೆರಳಿಗೆ ಅಂಟಂಟು. ಮೂಗಿನ ಹತ್ತಿರ ತಂದರೆ ಸಿಹಿ ವಾಸನೆ. ರೇಡಿಯೇಟರಿಗೆ ತುಂಬುವ ಕೂಲೆಂಟ್ ನೀರು. ಆದರೆ ಆ ವಾರ ನಮ್ಮ ಗ್ಯಾರೇಜಿನಲ್ಲಿ ಯಾರ ರೇಡಿಯೇಟರಿಗೂ ಕೈ ಹಾಕಿರಲಿಲ್ಲ. ಒಂದು ವ್ಯಾನಿನ ಕ್ಲಚ್ ಬಿಚ್ಚಿದ್ದರು, ಒಂದು ಕಾರಿನ ಬ್ರೇಕ್ ಕಟ್ಟಿದ್ದರು, ಅಷ್ಟೆ.

ಅತ್ತೆ ನನ್ನ ಕೈಯಿಂದ ಆ ಬಟ್ಟೆಯನ್ನು ಎಳೆದುಕೊಂಡು ಬಕೆಟ್ಟಿನ ತಳಕ್ಕೆ ಅದುಮಿದರು. ನನ್ನ ಮುಖ ನೋಡಲಿಲ್ಲ.

ನಾನು ಏನೂ ಕೇಳಲಿಲ್ಲ. ಕೇಳಿ ಅಭ್ಯಾಸವಿಲ್ಲ. ಶಾಲೆ ಬಿಟ್ಟು ಮಾವನ ಗ್ಯಾರೇಜಿಗೆ ಬಂದ ಹೊಸತರಲ್ಲೇ ಅವರು ನನಗೆ ಮೂಗಿ ಅಂತ ಹೆಸರಿಟ್ಟರು. ಗಿರಾಕಿಗಳೂ ಹಾಗೇ ಕರೆದರು. ನಾನೂ ಅದಕ್ಕೇ ಓಗೊಟ್ಟೆ.

ಅಣ್ಣ ಲಾಕಪ್ಪಿನಲ್ಲಿದ್ದ. ಅವನು ಕೆಲಸ ಮಾಡುವ ಐಸ್ ಫ್ಯಾಕ್ಟರಿಯಿಂದ ತಾಮ್ರದ ಪೈಪುಗಳು ಕಳುವಾಗಿದ್ದವು, ಕಾವಲುಗಾರ ತಲೆಗೆ ಏಟು ತಿಂದು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ, ಪೈಪುಗಳು ಊರಾಚೆಯ ಕಲ್ಲುಕ್ವಾರಿಯಲ್ಲಿ ಸಿಕ್ಕಿದ್ದವು. ಅಣ್ಣನ ವಿರುದ್ಧ ಇದ್ದ ಸಾಕ್ಷಿ ಒಂದೇ: ಅವನು ಐಸ್ ಹಂಚಲು ಓಡಿಸುವ ಫ್ಯಾಕ್ಟರಿಯ ಹಳೇ ಪಿಕಪ್ಪಿಗೆ ಕಳುವಿನ ದಿನ ಬೆಳಗ್ಗೆ ಹಾಕಿಸಿದ ಪೆಟ್ರೋಲು ಸಂಜೆಗೆ ತಳ ಕಂಡಿತ್ತು.

"ಊರೊಳಗೆ ಐಸ್ ಹಂಚೋಕೆ ಇಷ್ಟು ಪೆಟ್ರೋಲ್ ಬೇಕಾಗಿಲ್ಲ. ಕ್ವಾರಿಗೂ ಹೋಗಿ ಬಂದಿದ್ರೆ ಸರಿಹೋಗುತ್ತೆ" ಎಂದಿದ್ದರು ಇನ್ಸ್‌ಪೆಕ್ಟರ್ ಮೇಡಂ. ಕಿಲೋಮೀಟರ್ ತೋರಿಸುವ ಮೀಟರು ಎಂದೋ ಸತ್ತಿತ್ತು. ಗಾಡಿ ಎಲ್ಲಿಗೆ ಹೋಗಿತ್ತೆಂದು ಹೇಳಲು ಪೆಟ್ರೋಲ್ ಬಿಟ್ಟರೆ ಬೇರೇನೂ ಇರಲಿಲ್ಲ.

ಹಿಂದಿನ ದಿನ ಠಾಣೆಯಲ್ಲಿ ಅಮ್ಮನ ಬೆನ್ನ ಹಿಂದೆ ನಿಂತು ನಾನು ಬಾಯಿಬಿಟ್ಟಿದ್ದೆ. "ಆ ಗಾಡಿ ಕುಡಿಯುತ್ತೆ ಮೇಡಂ."

"ತೋರಿಸ್ತೀಯಾ?"

"ತೋರಿಸ್ತೀನಿ."

"ಆಯ್ತು. ನಾಳೆ ಮಧ್ಯಾಹ್ನ ಅದೇ ದಾರೀಲಿ ಓಡಿಸಿ ನೋಡೋಣ. ಕುಡಿದ್ರೆ ನಿನ್ನ ಅಣ್ಣನ್ನ ನಾನೇ ಮನೆಗೆ ತಂದು ಬಿಡ್ತೀನಿ. ಇಲ್ಲದಿದ್ರೆ ಸಂಜೆ ಕೋರ್ಟು, ಆಮೇಲೆ ಜೈಲು."



ಬಟ್ಟೆ ಹರವುವುದನ್ನು ಅತ್ತೆಗೆ ಬಿಟ್ಟು ನಾನು ಗಾಡಿಯ ಹತ್ತಿರ ಹೋದೆ.

ಠಾಣೆಯ ಅಂಗಳದಲ್ಲಿ ಜಾಗವಿಲ್ಲವೆಂದು ಪಿಕಪ್ಪನ್ನು ಮಾವನ ಶೆಡ್ಡಿನಲ್ಲೇ ನಿಲ್ಲಿಸಿದ್ದರು. ಹಿಂದಿನ ಒಂದು ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಜಡಿದಿದ್ದರು. ಬಾನೆಟ್ಟಿಗೆ ಬೀಗವಿರಲಿಲ್ಲ, ಕೀಲಿಯೂ ಗಾಡಿಯಲ್ಲೇ ಇತ್ತು. ಯಾರಿಗೂ ಅದು ಹೊಳೆದಿರಲಿಲ್ಲ.

ನೀಲಿ ಬಣ್ಣ ಮಾಸಿ ಬೂದಿಯಾದ ಗಾಡಿ. ಹಿಂದಿನ ತೊಟ್ಟಿಯಲ್ಲಿ ಐಸಿನ ನೀರು ಇಳಿದಿಳಿದು ತಗಡಿನ ಅಂಚು ಬಿಸ್ಕತ್ತಿನಂತೆ ಪುಡಿಯಾಗುತ್ತಿತ್ತು. ಅಣ್ಣ ಅದನ್ನು ಮುದುಕ ಎನ್ನುತ್ತಿದ್ದ. ಊಟಕ್ಕೆ ಕೂತಾಗಲೆಲ್ಲ ಅದರದೇ ದೂರು.

"ಮುದುಕಂಗೆ ಚಳಿ ಬಿಡೋದೇ ಇಲ್ಲ ಕಣೇ. ಎಷ್ಟು ಓಡಿಸಿದ್ರೂ ಮೈ ಬೆಚ್ಚಗಾಗಲ್ಲ. ಸಿಗ್ನಲ್ಲಲ್ಲಿ ನಿಂತ್ರೆ ಮಿಸ್ಸಿಂಗ್ ಹೊಡೀತಾನೆ, ಸೀಟೆಲ್ಲ ಗಡಗಡ. ಹಿಂದೆ ಬರೋನು ಕರಿ ಹೊಗೆ ಕುಡಿದು ನನ್ನ ವಂಶವನ್ನೆಲ್ಲ ಬೈತಾನೆ. ಆಫ್ ಮಾಡಿದ್ರೆ ಮತ್ತೆ ಹತ್ತಲ್ಲ. ಐಸ್ ಇಳಿಸೋವಾಗಲೂ ಎಂಜಿನ್ ಓಡ್ತಾನೇ ಇರಬೇಕು."

ಕೈದಿಯ ಹೇಳಿಕೆ ಅದು. ಈಗ ಅದನ್ನು ಒಂದೊಂದಾಗಿ ಪರೀಕ್ಷೆ ಮಾಡಬೇಕಿತ್ತು.

ಮೊದಲ ಅನುಮಾನ ಸೋರಿಕೆ. ಗಾಡಿಯ ಕೆಳಗೆ ಬೆನ್ನು ಕೊಟ್ಟು ಮಲಗಿ ಟ್ಯಾಂಕಿನಿಂದ ಎಂಜಿನ್ನಿನ ತನಕ ಪೆಟ್ರೋಲ್ ಪೈಪಿನ ಮೇಲೆ ಬೆರಳಾಡಿಸಿದೆ. ಒಣ ಧೂಳು. ನೆಲದಲ್ಲೂ ಕಲೆಯಿಲ್ಲ. ಸೋರಿಕೆಯನ್ನು ಬಿಟ್ಟೆ.

ಎರಡನೆಯದು ಬ್ರೇಕು. ಕಾಲು ತೆಗೆದ ಮೇಲೂ ಬ್ರೇಕು ಚಕ್ರವನ್ನು ಬಿಡದೆ ಹಿಡಿದಿದ್ದರೆ ಎಂಜಿನ್ನು ಅದನ್ನು ಎಳೆದು ಎಳೆದು ಪೆಟ್ರೋಲು ಸುಡುತ್ತದೆ. ಸರಪಳಿ ಇಲ್ಲದ ಚಕ್ರಗಳನ್ನು ಜಾಕಿ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿದೆ. ಸಲೀಸಾಗಿ ಸುತ್ತಿದವು. ಬ್ರೇಕನ್ನೂ ಬಿಟ್ಟೆ.

ಮೂರನೆಯದು ಗಾಳಿಯ ಫಿಲ್ಟರು. ಮೂಗು ಕಟ್ಟಿದರೆ ಎಂಜಿನ್ನು ಏದುಸಿರು ಬಿಡುತ್ತದೆ. ಬಿಚ್ಚಿ ಬಿಸಿಲಿಗೆ ಹಿಡಿದೆ. ಮಡಿಕೆ ಮಡಿಕೆಯಲ್ಲೂ ಬೆಳಕು ತೂರಿ ಬಂತು. ಅದೂ ನಿರಪರಾಧಿ.

ಆಮೇಲೆ ಸಿಲಿಂಡರುಗಳಿಗೆ ಕಿಡಿ ಹಾರಿಸುವ ಪ್ಲಗ್ಗುಗಳನ್ನು ಬಿಚ್ಚಿದೆ. ಬಿಚ್ಚಿದ ಸಾಲಿನಲ್ಲೇ ಬಟ್ಟೆಯ ಮೇಲೆ ಇಟ್ಟೆ. ಅದಲುಬದಲಾದರೆ ಯಾವುದು ಯಾವ ಮನೆಯದು ಅಂತ ತಿಳಿಯುವುದಿಲ್ಲ. ಒಂದು ಮಾತ್ರ ಕಪ್ಪಾಗಿದ್ದರೆ ಆ ಒಂದು ಸಿಲಿಂಡರು ಕುಂಟುತ್ತಿದೆ ಎಂದು ಲೆಕ್ಕ.

ನಾಲ್ಕೂ ಕಪ್ಪಾಗಿದ್ದವು. ಮಖಮಲ್ಲಿನಂಥ ಒಣ ಮಸಿ. ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರಿತು, ಎಣ್ಣೆಯ ಜಿಡ್ಡಿಲ್ಲ.

ಹಾಗಾದರೆ ತಪ್ಪು ಯಾವುದೋ ಒಂದು ಸಿಲಿಂಡರಿನದಲ್ಲ. ಇಡೀ ಎಂಜಿನ್ನಿಗೇ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲು ಸುರಿಯುತ್ತಿತ್ತು. ಹಗಲೆಲ್ಲ, ಎಲ್ಲ ಹೊತ್ತೂ.

ಪ್ಲಗ್ಗುಗಳನ್ನು ಒರೆಸದೆ, ಮಸಿ ಸಮೇತ ಮತ್ತೆ ಬಿಗಿದೆ. ಅಣ್ಣನ ಪರವಾಗಿ ಇದ್ದ ಸಾಕ್ಷಿ ಆ ಮಸಿಯೊಂದೇ. ಮೇಡಂ ತಮ್ಮ ಕಣ್ಣಲ್ಲೇ ನೋಡಲಿ ಎಂದುಕೊಂಡೆ.

ಗಾಳಿ, ಪೆಟ್ರೋಲು ಬೆರೆಸುವ ಕಾರ್ಬೊರೇಟರಿನ ಬಾಯಲ್ಲಿ ಒಂದು ಚಿಕ್ಕ ಮುಚ್ಚಳವಿದೆ, ಚೋಕ್ ಎನ್ನುತ್ತೇವೆ. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡು ಗಾಳಿ ಕಡಿಮೆ ಮಾಡುತ್ತದೆ, ಪೆಟ್ರೋಲು ಹೆಚ್ಚು ಎಳೆಸುತ್ತದೆ. ಈ ಗಾಡಿಯಲ್ಲಿ ಅದಕ್ಕೆ ಎಳೆಯುವ ದಾರವಿಲ್ಲ. ಎಂಜಿನ್ನಿನ ನೀರು ಬಿಸಿಯಾದರೆ ತಾನಾಗಿ ತೆರೆಯುತ್ತದೆ. ನೀರು ಬಿಸಿಯಾಗದಿದ್ದರೆ? ಬೆಳಗಿನ ಚಳಿಯೇ ಇನ್ನೂ ಹೋಗಿಲ್ಲ ಎಂದುಕೊಂಡು ದಿನವಿಡೀ ಅರ್ಧ ಮುಚ್ಚಿಕೊಂಡೇ ಕೂರುತ್ತದೆ.

ಅಣ್ಣನ ಇನ್ನೊಂದು ಮಾತು ಆಗ ತಲೆಗೆ ಬಂತು. "ಟೆಂಪರೇಚರ್ ಮುಳ್ಳು ಕೆಟ್ಟಿದೆ ಕಣೇ. ಮಲಗಿದ್ದು ಏಳೋದೇ ಇಲ್ಲ."

ಮುಳ್ಳು ಕೆಟ್ಟಿರಲಿಲ್ಲ. ನಿಜವನ್ನೇ ಹೇಳುತ್ತಿತ್ತು.

ಯಾಕೆ ಏಳುವುದಿಲ್ಲ ಎಂದು ತಿಳಿಯಲು ನಾನು ಶೆಡ್ಡಿನ ಗೋಡೆ ನೋಡಿದರೆ ಸಾಕಾಗಿತ್ತು. ಅಲ್ಲಿ ಒಂದು ಮೊಳೆಗೆ ತಂತಿಯ ಮಾಲೆ ತೂಗುತ್ತದೆ. ಹೂವಿನದಲ್ಲ, ಥರ್ಮೋಸ್ಟಾಟ್ ವಾಲ್ವುಗಳದು. ಅಂಗೈಯಲ್ಲಿ ಹಿಡಿಸುವ ಹಿತ್ತಾಳೆಯ ತುಂಡುಗಳು. ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು ನಿಲ್ಲಿಸುವುದು ಅವುಗಳ ಕೆಲಸ. ಮಾವನಿಗೆ ಅವನ್ನು ಕಂಡರೆ ಆಗದು.

"ಇದೊಂದು ಸಿಕ್ಕಿಕೊಂಡ್ರೆ ಸಾಕು, ಎಂಜಿನ್ ಕುದ್ದು ಹೋಗುತ್ತೆ. ಕಿತ್ತು ಬಿಸಾಕಿದ್ರೆ ತಲೆನೋವೇ ಇಲ್ಲ" ಎನ್ನುತ್ತಾರೆ. ಬಂದ ಹಳೇ ಗಾಡಿಗಳದ್ದೆಲ್ಲ ಕಿತ್ತು ಮಾಲೆಗೆ ಪೋಣಿಸುತ್ತಾರೆ. ಗಿರಾಕಿ ಕೇಳುವುದೂ ಇಲ್ಲ, ಇವರು ಹೇಳುವುದೂ ಇಲ್ಲ. ಕಳೆದ ಬೇಸಿಗೆಯಲ್ಲಿ ಈ ಪಿಕಪ್ಪಿನದ್ದನ್ನು ಕಿತ್ತಾಗ ಟಾರ್ಚು ಹಿಡಿದು ನಿಂತವಳು ನಾನೇ.

ಎದೆ ಹಗುರಾಯಿತು. ಕೀಲಿ ತಿರುಗಿಸಿದೆ.

ಮುದುಕ ಕೆಮ್ಮಿದ, ನಡುಗಿದ, ಹಿಂದಿನಿಂದ ಕಪ್ಪು ಹೊಗೆ ಉಗುಳಿದ. ಸೀಟು ಗಡಗಡ ಅಂದಿತು. ನನಗೆ ನಗು ಬಂತು. ಹೀಗೇ ಇರು, ಮಧ್ಯಾಹ್ನದವರೆಗೂ ಹೀಗೇ ಇರು ಅಂದೆ.

ಅಷ್ಟರಲ್ಲಿ ಮುಳ್ಳು ಅಲುಗಿತು.

ಮೊದಲು ಕಣ್ಣಿನ ಭ್ರಮೆ ಎಂದುಕೊಂಡೆ. ಇನ್ನೂ ಸ್ವಲ್ಪ ಏರಿತು. ಇಳಿದು ಬಾನೆಟ್ಟಿನ ಕಡೆ ಓಡಿದೆ. ಚೋಕಿನ ಮುಚ್ಚಳ ನನ್ನ ಕಣ್ಣೆದುರೇ ಮೆಲ್ಲಗೆ ತೆರೆದುಕೊಳ್ಳುತ್ತಿತ್ತು. ನಡುಕ ನಿಂತಿತು. ಹೊಗೆ ತಿಳಿಯಾಯಿತು. ಎಂಜಿನ್ನು ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಓಡತೊಡಗಿತು. ಮತ್ತೆ ಒಳಗೆ ಇಣುಕಿದೆ. ಮುಳ್ಳು ಮಧ್ಯಕ್ಕೆ ಬಂದು ನಿಂತಿತ್ತು.

ರೇಡಿಯೇಟರಿನ ಮೇಲಿನ ಪೈಪು ಎಂಜಿನ್ನಿಗೆ ಸೇರುವಲ್ಲಿ ಬಗ್ಗಿ ನೋಡಿದೆ. ಸುತ್ತಲೂ ತುಕ್ಕು, ಧೂಳು. ಎರಡು ಬೋಲ್ಟಿನ ತಲೆಗಳು ಮಾತ್ರ ಹೊಸ ನಾಣ್ಯದಂತೆ ಹೊಳೆಯುತ್ತಿದ್ದವು. ಕೆಳಗೆ ಒಸರಿದ್ದ, ಸಂದು ಮುಚ್ಚುವ ಗ್ಯಾಸ್ಕೆಟ್ಟಿನ ಅಂಟು ಉಗುರಿಗೆ ಇನ್ನೂ ಮೆತ್ತಗಿತ್ತು. ವಾಲ್ವು ಕೂರುವ ಜಾಗ ಅದು, ಬಿಚ್ಚಿದರೆ ಹಸಿರು ನೀರು ಚೆಲ್ಲುತ್ತದೆ.

ಗೇಟಿನಲ್ಲಿ ಜೀಪು ನಿಂತ ಸದ್ದಾಯಿತು.

ಇನ್ಸ್‌ಪೆಕ್ಟರ್ ಮೇಡಂ ಇಳಿದರು. ಅವರ ಹಿಂದೆ ಗಾಡಿ ಓಡಿಸಲು ಬಂದ ಪೇದೆ. ಅವನ ಹಿಂದೆ ಐಸ್ ಫ್ಯಾಕ್ಟರಿಯ ಯಜಮಾನರು, ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ. ನಮ್ಮ ಶೆಡ್ಡೂ ಅವರದೇ. ಮಾವ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಕಂಬಕ್ಕೆ ಒರಗಿ ನಿಂತರು.

"ಏನಮ್ಮಾ, ಏನು ಸಿಕ್ತು?" ಮೇಡಂ ಕೇಳಿದರು.

"ಪ್ಲಗ್ಗು..." ಬಾನೆಟ್ಟಿನ ಕಡೆ ಕೈ ತೋರಿಸಿದೆ. "ನಾಲ್ಕೂ ಕಪ್ಪಾಗಿದಾವೆ."

"ಅಂದ್ರೆ?"

ಅಂದರೆ ಏನೆಂದು ಒಳಗೆ ಪೂರ್ತಿ ಇತ್ತು. ಹೊರಗೆ ಬರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಯಜಮಾನರು ನಕ್ಕರು. "ಮೂಗಿ ಕೈಲಿ ಸಾಕ್ಷಿ ಹೇಳಿಸ್ತಿದ್ದೀರಲ್ಲ ಮೇಡಂ. ಅವಳಿಗಿಂತ ಆ ಗಾಡೀನೇ ವಾಸಿ, ಸದ್ದಾದ್ರೂ ಮಾಡುತ್ತೆ."

"ಅವಳು ಮಾತಾಡ್ತಾ ಇದ್ಲು. ನೀವು ಅಡ್ಡ ಬಂದ್ರಿ" ಎಂದರು ಮೇಡಂ.

"ಅಯ್ಯೋ, ನನಗೇನು ಗೊತ್ತಾಗುತ್ತೆ ಬಿಡಿ. ಬಾನೆಟ್ಟು ಯಾವ ಕಡೆಯಿಂದ ತೆಗೀತಾರೆ ಅಂತಾನೂ ತಿಳೀದು ನನಗೆ. ಮೇಸ್ತ್ರಿಯನ್ನೇ ಕೇಳಿ."

ಮೇಡಂ ಅಂದಾಜಿನ ಮೇಲೆ ಕೆಲಸ ಮಾಡುವವರಾಗಿರಲಿಲ್ಲ. ಚಕ್ರದ ಸರಪಳಿ ಬಿಚ್ಚಿಸಿ, ಐಸಿನ ಭಾರಕ್ಕೆ ಸರಿಯಾಗಿ ಮರಳು ಚೀಲ ಹೇರಿಸಿದರು. ಟ್ಯಾಂಕು ಬರಿದು ಮಾಡಿಸಿ, ತಾವು ತಂದ ಕ್ಯಾನಿನಿಂದ ಕಳುವಿನ ದಿನದಷ್ಟೇ ಪೆಟ್ರೋಲು ಹಾಕಿಸಿದರು. ಯಾವ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಿತ್ತೋ ಅಷ್ಟೇ ಹೊತ್ತು ಎಂಜಿನ್ ಆರಿಸದೆ ನಿಲ್ಲಿಸಬೇಕೆಂದು ಪೇದೆಗೆ ಹೇಳಿದರು. ನಾನಾದರೂ ಇದಕ್ಕಿಂತ ನ್ಯಾಯವಾಗಿ ಯೋಚಿಸಲು ಆಗುತ್ತಿರಲಿಲ್ಲ. ಗಾಡಿಯೊಂದು ಆ ದಿನ ಇದ್ದ ಹಾಗೇ ಇದ್ದಿದ್ದರೆ ಎಲ್ಲವೂ ಸರಿಯಿತ್ತು.

"ಮೇಡಂ, ಪ್ಲಗ್ಗು ಒಂದ್ಸಲ ನೋಡಿ..."

ಪೇದೆ ಆಕ್ಸಿಲರೇಟರ್ ಒತ್ತಿದ. ನನ್ನ ಮಾತು ಆ ಸದ್ದಿನಲ್ಲಿ ಸೇರಿಹೋಯಿತು. ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು ಗೇಟು ದಾಟಿದರು.

ಎಂಜಿನ್ನು ಹೀಗೆ ಶುದ್ಧವಾಗಿ ಓಡಿದರೆ ಆ ಮಸಿ ಉಳಿಯುವುದಿಲ್ಲ. ಬೆಂಕಿಯಲ್ಲಿ ತಾನಾಗಿ ಸುಟ್ಟು ಹೋಗುತ್ತದೆ. ಪ್ರತಿ ಬೀದಿಗೂ ಪ್ರತಿ ತಿರುವಿಗೂ ಅಣ್ಣನ ಸಾಕ್ಷಿ ಉರಿದು ಬೂದಿಯಾಗುತ್ತಿತ್ತು.

ಮಾವ ಬೆಂಚಿನ ಮೇಲೆ ಕೂತು ಒಂದು ಬೇರಿಂಗನ್ನು ಸುಮ್ಮನೆ ತಿರುಗಿಸುತ್ತಿದ್ದರು. ನಾನು ಎದುರಿಗೆ ಹೋಗಿ ನಿಂತೆ.

"ಮಾವ, ವಾಲ್ವು ಯಾವಾಗ ಹಾಕಿದ್ರಿ?"

"ಯಾವ ವಾಲ್ವು?"

"ಬೋಲ್ಟಿನ ತಲೆ ಹೊಳೀತಿದೆ. ಅಂಟು ಇನ್ನೂ ಒಣಗಿಲ್ಲ. ಒಗೆಯೋ ಬಟ್ಟೆ ಹಸಿರಾಗಿತ್ತು."

"ಓಹೋ. ಬೆಳಗಾಗೆದ್ದು ಬಟ್ಟೆ ಬಣ್ಣ ನೋಡ್ತಾ ಕೂತಿದ್ಯಾ?"

"ಹೂಂ. ನೋಡ್ತಾ ಕೂತಿದ್ದೆ. ಯಾವಾಗ ಹಾಕಿದ್ರಿ?"

ಬೇರಿಂಗು ನಿಂತಿತು. ಮಾವ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದರು. "ಏ ಮೂಗಿ, ಯಾರ ಹತ್ರ ಮಾತಾಡ್ತಿದ್ದೀಯ ಅಂತ ಗೊತ್ತಿದೆಯಾ? ಗಾಡಿ ರಿಪೇರಿ ಮಾಡೋದು ನನ್ನ ಕೆಲಸ. ಗಾಡಿ ಸರಿ ಮಾಡಿದ್ದೂ ತಪ್ಪಾ ಈಗ?"

"ಬೇರೆ ದಿನ ಆಗಿದ್ರೆ ತಪ್ಪಲ್ಲ."

"ಪೊಲೀಸ್ರು ಓಡಿಸಿ ನೋಡ್ತಾರಂತೆ. ಅವರ ಕೈಲಿ ಗಾಡಿ ಕುಂಟಿದ್ರೆ ಯಾರ ಮೇಲೆ ಬರುತ್ತೆ? ಡ್ರೈವರ್ ಗಾಡಿ ಹಾಳು ಮಾಡಿದ್ದಾನೆ, ಇಂಥೋನು ಕದಿಯದೆ ಬಿಡ್ತಾನಾ ಅಂತಾರೆ. ಚೆನ್ನಾಗಿ ಓಡಿದ್ರೆ ಹುಡುಗನಿಗೇ ಒಳ್ಳೇದು ಅಂತ..." ಮಾತು ಅರ್ಧಕ್ಕೇ ನಿಂತಿತು. ತಾನು ಹೇಳುತ್ತಿರುವುದು ತನಗೇ ಹೊಸದಾಗಿ ಕೇಳಿಸಿದ ಹಾಗೆ.

ಅವರು ಅಣ್ಣನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಅವನಿಗೆ ಕೆಡುಕು ಬಯಸಿ ಈ ಕೆಲಸ ಮಾಡಲಿಲ್ಲ ಎಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಗೊತ್ತಾದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

"ಒಳ್ಳೇದು ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನನಗೇ ತೋಚಿತು."

"ನಿಮಗೆ ತೋಚಿದ್ರೆ ಮಾಲೆಯಿಂದ ಒಂದು ಕಿತ್ತು ಹಾಕ್ತಿದ್ರಿ. ಮಾಲೆಯಲ್ಲಿ ಇದರ ವಾಲ್ವು ಹಾಗೇ ಇದೆ, ಸುಣ್ಣ ಕಟ್ಟಿಕೊಂಡು. ಒಳಗಿರೋದು ಹೊಸದು. ಜನ್ಮದಲ್ಲಿ ಒಂದು ಹೊಸ ವಾಲ್ವು ಕೊಂಡೋರಲ್ಲ ನೀವು. ಎಲ್ಲಿಂದ ಬಂತು?"

"ಏಯ್, ಬಾಯಿ ಮುಚ್ಚು."

"ಇಷ್ಟು ದಿನ ಮುಚ್ಚಿದ್ನಲ್ಲ. ಏನು ಬಂತು ಅದರಿಂದ?"

ಮಾವ ಎದ್ದು ನಿಂತರು. ಅವರ ಎತ್ತರಕ್ಕೆ ನಾನು ಎದೆಯ ಮಟ್ಟಕ್ಕೂ ಬರುವುದಿಲ್ಲ. ಹಿಂದೆ ಸರಿಯಬೇಕು ಅನ್ನಿಸಿತು, ಸರಿಯಲಿಲ್ಲ.

"ಯಜಮಾನ್ರು ತಂದುಕೊಟ್ರು."

ಹೇಳಿದ್ದು ಅತ್ತೆ. ಬಟ್ಟೆ ಹರವಿದ ಹಗ್ಗದ ಆ ಬದಿಯಲ್ಲಿ ನಿಂತಿದ್ದರು. ಒದ್ದೆ ಬಟ್ಟೆ ಕೈಯಲ್ಲೇ ಇತ್ತು.

"ಏನೇ ಅದು?" ಮಾವ ಗುಡುಗಿದರು.

"ಏನೇ ಅಂದ್ರೆ? ಕಂಡಿದ್ದು ಹೇಳಿದೆ. ಇಷ್ಟೇ ಇಷ್ಟು ರಟ್ಟಿನ ಡಬ್ಬಿ. ನಿನ್ನೆ ಸಂಜೆ ಈ ಬಾಗಿಲಲ್ಲೇ ನಿಂತು ನಿಮ್ಮ ಕೈಗಿಟ್ರು. ಇದನ್ನ ಹಾಕಿಬಿಡು ಮೇಸ್ತ್ರಿ, ಹುಡುಗನಿಗೆ ಒಳ್ಳೇದಾಗುತ್ತೆ ಅಂದ್ರು. ನಾನು ಟೀ ತಂದೆ. ಎಂದೂ ಬೇಡ ಅನ್ನದೋರು ನಿನ್ನೆ ಕುಡೀದೆ ಹೋದ್ರು. ಲೋಟ ತೊಳೆದಿಟ್ಟೋಳು ನಾನಲ್ವಾ?"

ಬಾನೆಟ್ಟು ಯಾವ ಕಡೆಯಿಂದ ತೆಗೆಯುತ್ತಾರೆಂದು ತಿಳಿಯದ ಮನುಷ್ಯ. ಅವರು ಅಂಗಡಿಗೆ ಹೋಗಿ ಈ ಹಳೇ ಗಾಡಿಗೆ ಕೂರುವ ವಾಲ್ವನ್ನೇ ಕೇಳಿ ತಂದಿದ್ದರು. ಅದಿಲ್ಲದೆ ಗಾಡಿ ಪೆಟ್ರೋಲು ಕುಡಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಮುಳ್ಳು ಏಳುವುದಿಲ್ಲ ಎಂಬುದು ಅಣ್ಣನ ಹಾಗೆ ಆ ಸೀಟಿನಲ್ಲಿ ಕೂತು ಓಡಿಸಿದವರಿಗೆ ಮಾತ್ರ ಗೊತ್ತಾಗುವ ಸಂಗತಿ. ತಾನು ಆ ಗಾಡಿಗೆ ಹತ್ತಿದವನೇ ಅಲ್ಲ ಎಂದು ಅವರು ಠಾಣೆಯಲ್ಲಿ ಹೇಳಿಕೆ ಕೊಟ್ಟಿದ್ದರು.

ಹಾಗಾದರೆ ಅವರು ಅದನ್ನು ಓಡಿಸಿದ್ದರು, ಠಾಣೆಯಲ್ಲಿ ಸುಳ್ಳು ಹೇಳಿದ್ದರು, ಅಣ್ಣ ಜೈಲಿಗೆ ಹೋಗುವುದು ಅವರಿಗೆ ಬೇಕಿತ್ತು.

"ಮಾವ, ಮೇಡಂ ಬಂದ ಕೂಡ್ಲೇ ಇದನ್ನೆಲ್ಲ ಹೇಳಿಬಿಡಿ."

"ಹೇಳಿ?" ಮಾವನ ದನಿ ಇಳಿಯಿತು. ಗದರುವುದಕ್ಕಿಂತ ಅದು ಕೇಳಲು ಕಷ್ಟವಾಗಿತ್ತು. "ಈ ಶೆಡ್ಡು ಯಾರದು? ನಾಳೆ ಗೇಟಿಗೆ ಬೀಗ ಬಿದ್ರೆ ಈ ಸಾಮಾನೆಲ್ಲ ತಲೆ ಮೇಲೆ ಹೊತ್ಕೊಂಡು ಎಲ್ಲಿಗೆ ಹೋಗಲಿ? ಮೇಲಾಗಿ ಏನಂತ ಹೇಳ್ಲಿ? ವಾಲ್ವು ಕಿತ್ತು ಗಾಡಿ ಹಾಳು ಮಾಡಿದ ಬೃಹಸ್ಪತಿ ನಾನೇ ಅಂತ್ಲಾ? ಊರಲ್ಲಿ ಓಡೋ ಹಳೇ ಗಾಡಿ ಅರ್ಧಕ್ಕರ್ಧದ್ದು ಆ ಮಾಲೆಯಲ್ಲಿದೆ. ನಾಳೆ ಎಲ್ಲ ಬಂದು ನನ್ನ ವಾಲ್ವು ಕೊಡು, ನನ್ನ ಪೆಟ್ರೋಲು ಕೊಡು ಅಂತ ಸಾಲು ನಿಲ್ತಾರೆ."

"ನಿಲ್ಲಲಿ. ಒಬ್ಬೊಬ್ರದ್ದೇ ಮತ್ತೆ ಹಾಕಿಕೊಡೋಣ. ನಾನೂ ಕೂತು ಹಾಕ್ತೀನಿ."

"ಹೆಸರು? ಅದನ್ನೂ ಹಾಕಿಕೊಡ್ತೀಯಾ?"

"ಅಣ್ಣನ ಹೆಸರು? ಕಳ್ಳ ಅಂತ ಬರೆದಿದ್ದಾರಲ್ಲ, ಅದನ್ನ ಅಳಿಸೋರು ಯಾರು? ಆ ಕಾವಲುಗಾರ ಕಣ್ಣು ಬಿಡದೇ ಹೋದ್ರೆ ಬರೀ ಕಳ್ಳ ಅಂತಲೂ ಅನ್ನಲ್ಲ, ಕೊಲೆಗಾರ ಅಂತಾರೆ. ಮೂಗಿ ಅಂತ ನನಗೆ ಹೆಸರಿಟ್ಟೋರು ನೀವು. ಈಗ ಮಾತಾಡದೆ ನಿಂತಿರೋರು ಯಾರು?"

ಅತ್ತೆ ಹಗ್ಗದಾಚೆಯಿಂದ ಇತ್ತ ಬಂದರು. "ನೀವು ಹೇಳದಿದ್ರೆ ನಾನೇ ಹೇಳ್ತೀನಿ."

"ನನ್ನಾಣೆ." ಮಾವ ಎದೆ ಮುಟ್ಟಿಕೊಂಡರು. "ನನ್ನಾಣೆ ಇದೆ, ಅವರ ಮುಂದೆ ಒಂದು ಮಾತು ಆಡಿದ್ರೆ."

ಅತ್ತೆಯ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ಒದ್ದೆ ಬಟ್ಟೆಯಿಂದ ನೀರು ಅವರ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

"ನನ್ನ ಮೇಲೆ ಯಾರ ಆಣೆಯೂ ಇಲ್ಲ" ಎಂದೆ.

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಗಾಡಿ ವಾಪಸಾಯಿತು. ಬಂದದ್ದು ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ. ಗೇಟಿನ ಹತ್ತಿರ ಮಲಗಿದ್ದ ನಾಯಿ ಕೂಡ ತಲೆ ಎತ್ತಲಿಲ್ಲ. ಮುಂಚೆ ಈ ಗಾಡಿ ಬೀದಿ ತಿರುವಿನಲ್ಲಿದ್ದಾಗಲೇ ಅದು ಬೊಗಳಲು ಶುರುಮಾಡುತ್ತಿತ್ತು.

ಪೇದೆ ಉಳಿದ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದ. ಮೇಡಂ ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕ್ಯಾನನ್ನು ತೋರಿಸಿದರು. ಅರ್ಧಕ್ಕಿಂತ ಎಷ್ಟೋ ಹೆಚ್ಚು ಉಳಿದಿತ್ತು.

"ಕುಡೀಲಿಲ್ಲವಲ್ಲಮ್ಮ" ಎಂದರು. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

"ನಮ್ಮ ಗಾಡಿ ಬಂಗಾರದಂಥದು" ಎಂದರು ಯಜಮಾನರು. "ಹುಡುಗ ಬಾಯಿಗೆ ಬಂದ ಹಾಗೆ ಹೇಳಿದ, ತಂಗಿ ನಂಬಿದಳು. ಅಣ್ಣ ತಂಗಿ ಪ್ರೀತಿ, ನಾನೇನು ಬೇಜಾರು ಮಾಡ್ಕೊಳಲ್ಲ ಬಿಡಿ."

ನಾನು ಉತ್ತರ ಕೊಡದೆ ಬಾನೆಟ್ಟು ಎತ್ತಿದೆ. ಬಟ್ಟೆ ಸುತ್ತಿ ಒಂದು ಪ್ಲಗ್ಗು ಬಿಚ್ಚಿದೆ. ಬಟ್ಟೆಯ ಮೂಲಕವೂ ಬೆರಳು ಚುರುಗುಟ್ಟಿತು. ತುದಿ ಒಣ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬುಡದಲ್ಲಿ ಮಾತ್ರ ತೆಳುವಾಗಿ ಕಪ್ಪು ಉಳಿದಿತ್ತು.

"ಕಪ್ಪು ಅಂದಿದ್ದೆ?" ಮೇಡಂ ಕೇಳಿದರು.

"ಬೆಳಗ್ಗೆ ಪೂರ್ತಿ ಕಪ್ಪಿತ್ತು ಮೇಡಂ. ಈಗ ಎಂಜಿನ್ ಸರಿಯಾಗಿ ಓಡಿದ್ದಕ್ಕೆ ಸುಟ್ಟುಹೋಗಿದೆ." ಬಗ್ಗಿ ಬೋಲ್ಟುಗಳ ಮೇಲೆ ಬೆರಳಿಟ್ಟೆ. "ಈ ಎರಡು ಬೋಲ್ಟು ನೋಡಿ. ಒಳಗೆ ಒಂದು ವಾಲ್ವಿದೆ, ಹೊಸದು. ಅಣ್ಣ ಸಿಕ್ಕಿಬಿದ್ದ ದಿನ ಅದು ಇರಲಿಲ್ಲ. ಅದಿಲ್ಲದಿದ್ರೆ ಎಂಜಿನ್ ಬಿಸಿಯಾಗಲ್ಲ, ಚೋಕ್ ತೆರೆಯಲ್ಲ, ಪೆಟ್ರೋಲ್ ಸುರೀತಾನೇ ಇರುತ್ತೆ. ಅವನು ಒಳಗೆ ಹೋದ ಮೇಲೆ ಇದನ್ನ ಹಾಕಿದ್ದಾರೆ. ತಂದುಕೊಟ್ಟಿದ್ದು ಇವರು."

ಯಜಮಾನರ ಕಡೆ ಬೆರಳು ತೋರಿಸಿದೆ.

ಮೇಡಂ ಬೋಲ್ಟುಗಳನ್ನು ನೋಡಿದರು. ಅಂಟನ್ನು ಉಗುರಿನಿಂದ ಮುಟ್ಟಿ ನೋಡಿದರು. ಬಹಳ ಹೊತ್ತು ನೋಡಿದರು.

"ವಾಲ್ವು ಅಂದ್ರೆ ಏನು?" ಯಜಮಾನರು ಮಗುವಿನಂತೆ ಕೇಳಿದರು. ಆಮೇಲೆ ಕಂಬದ ಕಡೆ ತಿರುಗಿದರು. "ಏನ್ ಮೇಸ್ತ್ರಿ? ನಾನು ನಿನಗೆ ಏನಾದ್ರೂ ತಂದುಕೊಟ್ನಾ?"

ಕೇಳುವಾಗ ಅವರ ಕಣ್ಣು ಮಾವನ ಮೇಲಿರಲಿಲ್ಲ. ಶೆಡ್ಡಿನ ಮಾಡು, ಗೋಡೆ, ಗೇಟು, ಒಂದೊಂದನ್ನೇ ನಿಧಾನವಾಗಿ ನೋಡುತ್ತಿದ್ದರು.

ಮಾವ ನೆಲ ನೋಡಿದರು.

"ಆ ವಾಲ್ವನ್ನ ನಾನೇ ತೆಗೆದು ಗಾಡಿ ಓಡಿಸಿ ತೋರಿಸ್ತೀನಿ ಮೇಡಂ" ಎಂದೆ.

ಮೇಡಂ ತಲೆಯಾಡಿಸಿದರು. "ಅದರಿಂದ ಏನೂ ಆಗಲ್ಲಮ್ಮ. ಯಾವ ಗಾಡಿಯಿಂದ ಏನು ಕಿತ್ತರೂ ಅದು ಕೆಡುತ್ತೆ. ಬೇಕು ಅಂತಲೇ ಕಿತ್ತೆ ಅಂತ ಕೋರ್ಟಲ್ಲಿ ಕೇಳ್ತಾರೆ, ನಾನೇ ಕೇಳ್ತೀನಿ. ಆ ದಿನ ಇದು ಇರಲಿಲ್ಲ ಅಂತ ಹೇಳೋರು ಬೇಕು. ಕಿತ್ತ ಕೈ ಬೇಕು, ಹಾಕಿದ ಕೈ ಬೇಕು." ಕೈಗಡಿಯಾರ ನೋಡಿಕೊಂಡರು. "ನಿನ್ನ ಅಣ್ಣನ್ನ ವ್ಯಾನಿಗೆ ಹತ್ತಿಸೋ ಹೊತ್ತಾಯ್ತು. ಇಲ್ಲಿ ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಈಗಲೇ ಹೇಳ್ಬೇಕು."

ಅವರು ಹಾಗೆ ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಮಾವನ ಕಡೆಗೇ ನೋಡುತ್ತಿದ್ದರು.

ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಪೇದೆ ಕೀಲಿಗೊಂಚಲನ್ನು ಬೆರಳಲ್ಲಿ ಸುತ್ತಿಸುತ್ತಿದ್ದ. ಯಜಮಾನರು ಕರವಸ್ತ್ರ ತೆಗೆದು ಬೆವರಿಲ್ಲದ ಹಣೆಯನ್ನು ಒರೆಸಿಕೊಂಡರು.

ನಾನು ಗೋಡೆಯ ಹಲಗೆಯಿಂದ ಆ ಬೋಲ್ಟಿಗೆ ಹಿಡಿಯುವ ಸ್ಪ್ಯಾನರನ್ನು ತೆಗೆದುಕೊಂಡೆ. ಹೋಗಿ ಮಾವನ ಮುಂದೆ ನಿಂತೆ. ಎರಡೂ ಕೈಯಲ್ಲಿ ಹಿಡಿದು ಚಾಚಿದೆ.

"ಮಾವ, ಆ ದಿನ ಗಾಡಿ ಹೇಗಿತ್ತೋ ಹಾಗೆ ಮಾಡಿಕೊಡಿ."

ಮಾವ ಗೋಡೆಯ ಮಾಲೆಯನ್ನೊಮ್ಮೆ ನೋಡಿ, ಸ್ಪ್ಯಾನರಿಗೆ ಕೈ ಚಾಚಿದರು.